ಅತ್ತೆಯನ್ನು ಎತ್ತುವ ಸರಿಯಾದ ಕ್ರಮ

ಬಾಯಲ್ಲಿ ತುತ್ತಿರುವಾಗ ಯಾರಿಗೂ ಮಾತು ಕೊಡಬಾರದು. ಈ ಸತ್ಯ ನಮ್ಮ ಗುಮಾಸ್ತರಿಗೆ ಹೊಳೆಯುವ ಹೊತ್ತಿಗೆ ತುತ್ತು ಒಳಗೆ ಹೋಗಿತ್ತು, ಮಾತು ಹೊರಗೆ ಬಂದಿತ್ತು.

ಆಗಿದ್ದು ಇಷ್ಟು. ಗುಮಾಸ್ತರ ಮನೆ ಮೂರನೇ ಮಹಡಿಯಲ್ಲಿ. ಮನೆಯಲ್ಲಿ ಅವರು, ಬಟ್ಟೆ ಹೊಲಿಯುವ ಹೆಂಡತಿ, ಮತ್ತು ಹೆಂಡತಿಯ ತಾಯಿ. ಕಟ್ಟಡಕ್ಕೆ ಲಿಫ್ಟ್ ಇಲ್ಲವೆಂದಲ್ಲ, ಇತ್ತು. ಆದರೆ ಅದು ಕೆಟ್ಟು ಎಷ್ಟು ಕಾಲವಾಗಿತ್ತೆಂದರೆ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡಿಗೇ ಈಗ ದುರಸ್ತಿ ಬೇಕಾಗಿತ್ತು. ಅತ್ತೆಯ ಮಂಡಿಗೂ ಮೆಟ್ಟಿಲಿಗೂ ಆಗಿಬರುತ್ತಿರಲಿಲ್ಲ. ಅವರು ಕೆಳಗಿಳಿದು ವರ್ಷದ ಮೇಲಾಗಿತ್ತು. ರಸ್ತೆಯಾಚೆ, ಸರಿಯಾಗಿ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ ಅವರ ಒಡಹುಟ್ಟಿದ ಅಕ್ಕ ಮಗನೊಂದಿಗೆ ಇದ್ದರು. ಅಕ್ಕನ ಮಂಡಿಯದೂ ಅದೇ ಕಥೆ. ಇಬ್ಬರೂ ದಿನಾ ತಮ್ಮ ತಮ್ಮ ಬಾಲ್ಕನಿಯಲ್ಲಿ ಕೂತು, ಒಬ್ಬರನ್ನೊಬ್ಬರು ನೋಡುತ್ತಾ, ಫೋನಿನಲ್ಲಿ ಮಾತಾಡುತ್ತಿದ್ದರು. ಜಗಳ ಬಂದರೆ ಫೋನು ಇಡುತ್ತಿರಲಿಲ್ಲ. ಕುರ್ಚಿ ತಿರುಗಿಸಿ, ಬೆನ್ನು ತೋರಿಸಿ ಕೂತು, ಮಾತು ಮುಂದುವರಿಸುತ್ತಿದ್ದರು.

ಆ ದಿನ ಅಕ್ಕ ಸುದ್ದಿ ಹೇಳಿದ್ದರು. ಮಗನಿಗೆ ದೂರದ ಊರಿಗೆ ವರ್ಗವಾಗಿದೆ, ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು. ಅತ್ತೆ ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಿದ್ದರು.

“ಹೋಗೋದ್ರೊಳಗೆ ಒಂದ್ಸಲ ಅವಳ ಪಕ್ಕದಲ್ಲಿ ಕೂತ್ಕೋಬೇಕು ಅಂತ ಆಸೆ. ಕಣ್ಣಿಗೆ ಕಾಣ್ತಾಳೆ, ಕೈಗೆ ಸಿಗಲ್ಲ” ಅಂದರು.

“ಕೂಲಿಯವರನ್ನ ಕರೆಸೋಣಮ್ಮ. ಕುರ್ಚೀಲಿ ಕೂರಿಸಿ ಇಳಿಸ್ತಾರೆ” ಅಂದಳು ಮಗಳು.

“ಅದೊಂದು ಹೇಳ್ಬೇಡ. ಹೋದ ಸಲ ಆ ತಿರುವಿನಲ್ಲಿ ಏನಂದ ಅವನು? ‘ಸ್ವಲ್ಪ ಓರೆ ಮಾಡೋ, ಮೂಲೆ ತಾಗುತ್ತೆ’ ಅಂದ. ನನಗೆ ಮೂಲೆ ಇದೆಯೇನೇ? ನಾನೇನು ಬೀರುನಾ? ಹೋದ್ರೆ ಮನೆಯವರ ಕೈಯಲ್ಲಿ ಹೋಗ್ತೀನಿ. ಇಲ್ಲಾಂದ್ರೆ ಇಲ್ಲೇ ಕೂತಿರ್ತೀನಿ.”

ಗುಮಾಸ್ತರು ಬಾಯಿ ತುಂಬ ಇದ್ದದ್ದನ್ನು ಒಂದು ಕೆನ್ನೆಗೆ ಸರಿಸಿ, “ಅದಕ್ಯಾಕೆ ಇಷ್ಟು ಯೋಚನೆ ಅತ್ತೆ? ನಾನೇ ಎತ್ಕೊಂಡು ಹೋಗ್ತೀನಿ” ಅಂದುಬಿಟ್ಟರು.

ಹೆಂಡತಿಗೆ ನೀರು ನೆತ್ತಿಗೇರಿತು. “ರೀ, ಹೋದ ವಾರ ಗ್ಯಾಸ್ ಸಿಲಿಂಡರ್ ಒಳಗೆ ತನ್ನಿ ಅಂದ್ರೆ, ಅದರ ಮುಂದೆ ಅರ್ಧ ಗಂಟೆ ನಿಂತು ನೋಡ್ತಿದ್ರಲ್ಲ, ಅದಾಗಿಯೇ ಎದ್ದು ಬರುತ್ತೇನೋ ಅಂತ!”

ಆದರೆ ಅತ್ತೆ ನಗಲಿಲ್ಲ. ತಟ್ಟೆಯಿಂದ ತಲೆಯೆತ್ತಿ ಅಳಿಯನ ಮುಖ ನೋಡಿ, “ಹೌದಾ?” ಅಂದರು. ಅಷ್ಟೇ. ಆ ‘ಹೌದಾ’ದಲ್ಲಿ ಇದ್ದ ಆಸೆಯನ್ನು ಕಂಡ ಮೇಲೆ ತಮಾಷೆಗೆ ಅಂದೆ ಎಂದು ಹೇಳುವ ಧೈರ್ಯ ಯಾವ ಗಂಡಸಿಗೂ ಇರಲಾರದು. ನಮ್ಮ ಗುಮಾಸ್ತರಿಗೆ ಮೊದಲೇ ಇರಲಿಲ್ಲ.

ಗುಮಾಸ್ತರ ಕೆಲಸ ತೂಕ ಮತ್ತು ಅಳತೆಯ ಕಚೇರಿಯಲ್ಲಿ. ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಕಚೇರಿ ಅದು. ಅದರ ಒಳಕೋಣೆಯಲ್ಲಿ ಹಿಡಿ ಇರುವ ಕಬ್ಬಿಣದ ತೂಕದ ಕಲ್ಲುಗಳು ಗಾತ್ರಕ್ಕೆ ತಕ್ಕಂತೆ ಸಾಲಾಗಿ ಕೂತಿದ್ದವು. ಗುಮಾಸ್ತರು ಇಷ್ಟು ವರ್ಷ ಅವುಗಳ ಬಗ್ಗೆ ಬರೆದಿದ್ದರೇ ಹೊರತು ಒಂದನ್ನೂ ಮುಟ್ಟಿರಲಿಲ್ಲ. ಎತ್ತುವುದಕ್ಕೆ ಜವಾನನಿದ್ದ, ಬರೆಯುವುದಕ್ಕೆ ಇವರಿದ್ದರು, ಸಹಿ ಹಾಕುವುದಕ್ಕೆ ಸಾಹೇಬರಿದ್ದರು. ಆಡಳಿತವೆಂದರೆ ಹೀಗೆಯೇ.

ಬೇರೆ ಯಾರಾದರೂ ಆಗಿದ್ದರೆ ವ್ಯಾಯಾಮ ಶಾಲೆಗೆ ಹೋಗುತ್ತಿದ್ದರು. ಗುಮಾಸ್ತರಿಗೆ ಅಚ್ಚಾಗದ ಮಾತಿನ ಮೇಲೆ ನಂಬಿಕೆಯಿಲ್ಲ. ಹಳೆ ಪುಸ್ತಕದ ರಾಶಿಯಲ್ಲಿ ಹುಡುಕಿ, ಭಾರ ಎತ್ತುವ ಕ್ರಮವನ್ನು ಕಲಿಸುವ ಒಂದು ಪುಸ್ತಕ ತಂದರು. ಮುಖಪುಟದಲ್ಲಿ ಅದನ್ನು ಬರೆದವರ ಚಿತ್ರವಿತ್ತು. ಅವರು ಎತ್ತಿ ಹಿಡಿದಿದ್ದ ಭಾರಕ್ಕಿಂತ ಅವರ ಮೀಸೆಯೇ ಹೆಚ್ಚು ತೂಗುವಂತಿತ್ತು. ಅಂದಿನಿಂದ ಗುಮಾಸ್ತರ ಪಾಲಿಗೆ ಅವರು ಮೀಸೆ ಗುರುಗಳಾದರು.

ಮೀಸೆ ಗುರುಗಳು ಮೊದಲ ಪುಟದಲ್ಲೇ ಗದರಿದ್ದರು. ‘ಶಕ್ತಿ ಆಮೇಲೆ ಬರುತ್ತದೆ. ಮೊದಲು ಕ್ರಮ. ಕ್ರಮ ತಪ್ಪಿದವನು ತಲೆದಿಂಬು ಎತ್ತಿದರೂ ಹಾಸಿಗೆ ಹಿಡಿಯುತ್ತಾನೆ. ಆದ್ದರಿಂದ ಭಾರದ ಯೋಚನೆ ಬಿಟ್ಟು ಒಂದು ಕೋಲು ತೆಗೆದುಕೋ.’ ಆ ಕೋಲನ್ನು ಬೆನ್ನಿಗೆ ಒತ್ತಿ ಹಿಡಿಯಬೇಕು. ಅದು ತಲೆಯ ಹಿಂಭಾಗ, ಹೆಗಲುಗಳ ನಡು, ಬೆನ್ನಿನ ಬುಡ, ಈ ಮೂರು ಕಡೆ ತಾಗಿರಬೇಕು. ಹಾಗೆ ತಾಗಿಸಿಕೊಂಡೇ ಬಗ್ಗಬೇಕು, ಏಳಬೇಕು. ಬಗ್ಗುವಾಗ ಬೆನ್ನು ಬಾಗಬಾರದು. ಎರಡೂ ಕೈಯಲ್ಲಿ ಸಾಮಾನು ಹಿಡಿದವನು ಹಿಂದಿನ ಬಾಗಿಲನ್ನು ಹೇಗೆ ತಳ್ಳುತ್ತಾನೋ ಹಾಗೆ ಸೊಂಟವನ್ನು ಹಿಂದಕ್ಕೆ ಕಳಿಸಬೇಕು. ಹೊಟ್ಟೆಯೊಳಗೆ ಉಸಿರು ತುಂಬಿ, ಬಿಗಿಹಿಡಿದು, ಒಂದೇ ಕಡೆ ದೃಷ್ಟಿ ನೆಟ್ಟು, ಯಾರೊಂದಿಗೂ ಮಾತಾಡದೆ ಏಳಬೇಕು.

ಗುಮಾಸ್ತರು ಹೆಂಡತಿಯ ಹೊಲಿಗೆಯ ಅಳತೆಪಟ್ಟಿಯನ್ನು ತೆಗೆದುಕೊಂಡರು. ಉದ್ದನೆಯ ಮರದ ಪಟ್ಟಿ ಅದು. ಕೈಯಲ್ಲಿ ಹಿಡಿದರೆ ಜಾರುತ್ತಿತ್ತು. ಆದ್ದರಿಂದ ಬಟ್ಟೆಯ ಲಾಡಿಯಿಂದ ಬೆನ್ನಿಗೆ ಕಟ್ಟಿಸಿಕೊಂಡರು. ‘ಕ್ರಮವು ವ್ಯಾಯಾಮದ ಹೊತ್ತಿಗೆ ಮಾತ್ರವಲ್ಲ, ನೆಲಕ್ಕೆ ಬಿದ್ದ ಪೆನ್ಸಿಲನ್ನು ಎತ್ತುವಾಗಲೂ ಇರಲಿ’ ಎಂದು ಮುಂದಿನ ಪುಟದಲ್ಲಿತ್ತು. ಸರಿ, ಗುಮಾಸ್ತರು ಅಳತೆಪಟ್ಟಿಯನ್ನು ಅಂಗಿಯೊಳಗೆ ಕಟ್ಟಿಕೊಂಡೇ ಕಚೇರಿಗೆ ಹೋಗತೊಡಗಿದರು. ಬಟ್ಟೆ ಅಳೆಯಲು ಪಟ್ಟಿ ಬೇಕಾದಾಗಲೆಲ್ಲ ಹೆಂಡತಿ ಗಂಡ ಮನೆಗೆ ಬರುವುದನ್ನು ಕಾಯಬೇಕಾಯಿತು.

ಮೀಸೆ ಗುರುಗಳದು ಇನ್ನೊಂದು ಕಟ್ಟಪ್ಪಣೆ ಇತ್ತು. ಎತ್ತುವವನಿಗೆ ತನ್ನ ಬೆನ್ನು ಕಾಣುವುದಿಲ್ಲ, ಆದ್ದರಿಂದ ಪಕ್ಕದಲ್ಲಿ ಕೂತು ತಪ್ಪು ಹೇಳುವವರೊಬ್ಬರು ಬೇಕು. ಹೆಂಡತಿಯನ್ನು ಕರೆದರೆ ಅವಳು ನೋಡುವುದಕ್ಕಿಂತ ನಗುವುದೇ ಜಾಸ್ತಿಯಾಯಿತು. ಕೊನೆಗೆ ಆ ಪದವಿ ಅತ್ತೆಗೆ ಹೋಯಿತು. ಅತ್ತೆ ಕನ್ನಡಕ ಏರಿಸಿ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಿದರು. ಆಮೇಲೆ ಅವರ ಗಂಟಲಿಗೆ ಬಂದ ಅಧಿಕಾರ ನೋಡಬೇಕಿತ್ತು.

“ಬೆನ್ನು! ಬೆನ್ನು ಹೋಯ್ತು ಅಳಿಯಂದಿರೇ!”

“ಉಸಿರು ಬಿಡಬೇಡಿ! ಹಿಡೀರಿ, ಹಿಡೀರಿ!”

“ಸೊಂಟ ಹಿಂದಕ್ಕೆ! ಇನ್ನೂ ಹಿಂದಕ್ಕೆ! ಹಾಂ, ಈಗ ಏಳಿ. ಏಳಿ! ಅಯ್ಯೋ, ಏಳೀಂದ್ರೆ!”

ದಿನಾ ಬೆಳಿಗ್ಗೆ ಕಿಟಕಿಯಿಂದ ಇಷ್ಟು ಮಾತು ಹೊರಗೆ ಹೋಗುತ್ತಿತ್ತು. ಅದರ ಹಿಂದೆಯೇ ಗುಮಾಸ್ತರ ಒಂದು ದೀರ್ಘ ನರಳಿಕೆ, ಬೆನ್ನ ಮೇಲಿನ ಪಟ್ಟಿ ಗೋಡೆಗೆ ಬಡಿದ ಸದ್ದು. ಇದನ್ನು ಕೇಳಿಸಿಕೊಂಡ ಕೆಳಗಿನ ಮನೆಯವರು ಏನು ತಿಳಿದುಕೊಳ್ಳಬೇಕು, ನೀವೇ ಹೇಳಿ.

ಕೆಳಗಿನ ಮನೆಯಲ್ಲಿದ್ದವರು ನಿವೃತ್ತ ಕಾಂಪೌಂಡರು. ಕಟ್ಟಡದ ಸೆಕ್ರೆಟರಿಯೂ ಅವರೇ. ಲಿಫ್ಟ್ ರಿಪೇರಿ ಮಾಡಿಸುವುದು ಅವರ ಕೈಲಾಗಿರಲಿಲ್ಲ. ಆದರೆ ಮನುಷ್ಯರ ರಿಪೇರಿಗೆ ಯಾವಾಗಲೂ ತಯಾರಾಗಿರುತ್ತಿದ್ದರು. ಒಂದು ಬೆಳಿಗ್ಗೆ ಅವರು ಮೆಟ್ಟಿಲ ಮೇಲೆ ನಿಂತು ಕಣ್ಣಾರೆ ಕಂಡದ್ದು ಇದು. ಗುಮಾಸ್ತರು ಬಾಗಿಲ ಮುಂದೆ ಬಿದ್ದ ಪೇಪರನ್ನು ದಿಟ್ಟಿಸಿದರು. ಕಾಲು ಅಗಲಿಸಿದರು. ಮುಖ ಕೆಂಪಾಗುವಷ್ಟು ಉಸಿರು ತುಂಬಿಕೊಂಡರು. ಬೆನ್ನು ಹಲಗೆಯಂತೆ ನೆಟ್ಟಗಿಟ್ಟುಕೊಂಡು, ಸೊಂಟವನ್ನು ಗೋಡೆಯವರೆಗೆ ಹಿಂದಕ್ಕೆ ಕಳಿಸಿ, ಇಂಚಿಂಚಾಗಿ ಕೆಳಗಿಳಿದು, ಎರಡೂ ಕೈಯಲ್ಲಿ ಪೇಪರನ್ನು ಹಿಡಿದು, ಇಂಚಿಂಚಾಗಿ ಮೇಲೆದ್ದರು.

“ಯಾವಾಗಿನಿಂದ ಇದು?” ಅಂದರು ಕಾಂಪೌಂಡರು ಮೆಲ್ಲಗೆ.

ಗುಮಾಸ್ತರಿಗೆ ಸಂಕೋಚವಾಯಿತು. ತಾವು ಭಾರ ಎತ್ತಲು ಕಲಿಯುತ್ತಿರುವುದು ಎದುರಿನ ಕಟ್ಟಡದ ದೊಡ್ಡಮ್ಮನಿಗೆ, ಎಂದರೆ ಅತ್ತೆಯ ಅಕ್ಕನಿಗೆ, ಗೊತ್ತಾಗಬಾರದು, ಆ ದಿನ ಬಾಗಿಲಲ್ಲಿ ತಂಗಿಯನ್ನು ಕಂಡು ಅವರು ಬೆರಗಾಗಬೇಕು ಎಂಬುದು ಅವರ ಆಸೆ. “ಎರಡು ವಾರ ಆಯ್ತು ಸ್ವಾಮಿ. ದಯವಿಟ್ಟು ಯಾರಿಗೂ ಹೇಳ್ಬೇಡಿ” ಅಂದರು.

“ತುಂಬಾ ಕಷ್ಟನಾ?”

“ಮೊದಮೊದಲು ಕಷ್ಟ ಇತ್ತು. ಈಗ ಹೊಂದ್ಕೊಂಡಿದೀನಿ.”

“ಮನೇಲಿ ಗೊತ್ತಾ?”

“ಅತ್ತೇನೇ ನೋಡ್ಕೋತಾರೆ. ಅವಳು ನಗ್ತಾಳೆ.”

ಕಾಂಪೌಂಡರ ಕಣ್ಣು ತುಂಬಿ ಬಂತು. ಸೊಂಟ ಬಿದ್ದ ಗಂಡನನ್ನು ಕಂಡು ನಗುವ ಹೆಂಡತಿ, ಎದ್ದು ಓಡಾಡಲಾರದ ಅತ್ತೆಯ ಆರೈಕೆ! ಯಾರಿಗೂ ಹೇಳಬೇಡಿ ಎಂದಿದ್ದರಿಂದ ಅವರು ಕಟ್ಟಡದವರಿಗೆಲ್ಲ ಬಿಡಿಬಿಡಿಯಾಗಿ, ಒಬ್ಬೊಬ್ಬರ ಕಿವಿಯಲ್ಲೇ ಹೇಳಿದರು. ಸಂಜೆಯ ಹೊತ್ತಿಗೆ ಗುಮಾಸ್ತರ ಮನೆಗೆ ನೋವಿನ ಎಣ್ಣೆ, ಮುಲಾಮು, ಬಿಸಿನೀರಿನ ರಬ್ಬರ್ ಚೀಲ, ತೆಳ್ಳನೆಯ ಹಾಸಿಗೆ ಎಲ್ಲ ಬಂದು ಬಿದ್ದವು. ಹೆಂಡತಿ ಬಾಗಿಲು ತೆರೆದಾಗಲೆಲ್ಲ ನೆರೆಯ ಹೆಂಗಸರು ಅವಳನ್ನು ಒಂದು ಥರ ನೋಡಿ ಹೋದರು.

“ನನಗೇನೂ ಆಗಿಲ್ಲ ಕಣ್ರೀ” ಎಂದು ಗುಮಾಸ್ತರು ಬಂದವರಿಗೆಲ್ಲ ಹೇಳಿದರು.

“ಎಲ್ಲರೂ ಮೊದಲು ಹೀಗೇ ಹೇಳೋದು” ಅಂದರು ಕಾಂಪೌಂಡರು.

ಕೋಲಿನ ಪಾಠ ಮುಗಿಯಿತು. ಇನ್ನು ಭಾರ ಶುರುಮಾಡಬಹುದು ಎಂದು ಪುಸ್ತಕ ಅಪ್ಪಣೆ ಕೊಟ್ಟಿತು. ಭಾರಕ್ಕೇನು ಬರ? ಕಚೇರಿಯ ಒಳಕೋಣೆ ಇದ್ದೇ ಇತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಗುಮಾಸ್ತರು ಒಳಗೆ ಹೋಗಿ, ಒಂದು ನಡುಗಾತ್ರದ ತೂಕದ ಕಲ್ಲಿನ ಮುಂದೆ ನಿಂತು, ಕ್ರಮ ಪ್ರಕಾರ ಕೆಳಗಿಳಿದರು. ಉಸಿರು ಬಿಗಿಹಿಡಿದದ್ದೇ ತಡ, ಬಾಗಿಲಲ್ಲಿ ಸಾಹೇಬರು.

“ಏನ್ರೀ ಮಾಡ್ತಿದೀರಿ?”

ಎತ್ತುವಾಗ ಮಾತಾಡಕೂಡದು. ಗುಮಾಸ್ತರು ಎದುರು ಗೋಡೆಯ ಮೊಳೆಯೊಂದನ್ನೇ ದಿಟ್ಟಿಸುತ್ತಾ, ಕೆನ್ನೆ ಉಬ್ಬಿಸಿಕೊಂಡು, ಅರ್ಧ ಬಗ್ಗಿ ನಿಂತಿದ್ದರು. ಸಾಹೇಬರು ಗಾಬರಿಯಾಗಿ ಹತ್ತಿರ ಬಂದು ಬೆನ್ನಮೇಲೆ ಕೈಯಿಟ್ಟರು. ಕೈಗೆ ಮರ ಸಿಕ್ಕಿತು. ಬೆರಳಲ್ಲಿ ತಟ್ಟಿದರು. ಟಕ್ ಟಕ್ ಎಂದಿತು.

“ಮರದ ಪಟ್ಟಿ ಹಾಕಿಬಿಟ್ಟಿದಾರಾ! ಯಾವ ಆಸ್ಪತ್ರೇರಿ? ಇಂಥಾ ಸ್ಥಿತೀಲಿ ರಜ ಕೂಡ ಕೇಳದೆ ಬರ್ತಿದೀರಲ್ರೀ! ಜವಾನ! ಏಯ್, ಜವಾನ! ಹಿಡ್ಕೋ ಇವರನ್ನ!”

“ಸಾರ್, ಇದು ಬಟ್ಟೆ ಅಳೆಯೋ ಪಟ್ಟಿ ಸಾರ್. ನನ್ನ ಹೆಂಡ್ತೀದು.”

ಸಾಹೇಬರು ಜವಾನನ ಮುಖ ನೋಡಿದರು. ಆಸ್ಪತ್ರೆಗೂ ಗತಿಯಿಲ್ಲದೆ ಮನೆಯ ಪಟ್ಟಿ ಕಟ್ಟಿಕೊಂಡು ಬರುತ್ತಿದ್ದಾನೆ ಎಂದು ಇಬ್ಬರಿಗೂ ಅರ್ಥವಾಯಿತು. ಅಂದೇ ಆಜ್ಞೆಯಾಯಿತು. ಗುಮಾಸ್ತರು ಕಚೇರಿಯಲ್ಲಿ ಯಾವ ಭಾರವನ್ನೂ ಎತ್ತಕೂಡದು. ಒಳಕೋಣೆಗೆ ಬೀಗ. ಕುರ್ಚಿಗೆ ಮೆತ್ತೆ. ಅವರು ನೀರಿನ ಲೋಟಕ್ಕೆ ಕೈ ಚಾಚಿದರೂ ಜವಾನ ಓಡಿಬಂದು, “ಬಿಡಿ ಸಾರ್, ನಾನಿದೀನಿ” ಎಂದು ಲೋಟವನ್ನು ಬಾಯಿಯವರೆಗೆ ತರುತ್ತಿದ್ದ. ಕ್ರಮಬದ್ಧವಾಗಿ ಬಲಶಾಲಿಯಾಗುತ್ತಿದ್ದ ಮನುಷ್ಯನನ್ನು ಲೋಕವೆಲ್ಲ ಸೇರಿ ಕ್ರಮಬದ್ಧವಾಗಿ ರೋಗಿ ಮಾಡಿತು.

ಗುಮಾಸ್ತರು ಪಟ್ಟು ಬಿಡಲಿಲ್ಲ. ಕಚೇರಿ ಹೋದರೆ ಮನೆಯಿದೆ. ಹಳೆ ಬಟ್ಟೆ ತುಂಬಿದ ಸೂಟ್‌ಕೇಸು ಎತ್ತಿದರು. ನೀರಿನ ಕ್ಯಾನು ಎತ್ತಿದರು. ಹೊಲಿಗೆ ಯಂತ್ರವನ್ನು ಅದರ ಮೇಜಿನ ಸಮೇತ ಎತ್ತಿ, ಹೆಂಡತಿ ಹೊಲಿಯುತ್ತಿದ್ದ ರವಿಕೆಯ ತೋಳನ್ನೂ ಜೊತೆಗೆ ಎಳೆದುಕೊಂಡು ಹೋಗಿ ಬೈಸಿಕೊಂಡರು. ಪುಸ್ತಕದಲ್ಲಿ ‘ಎತ್ತುವ ಭಾರ ಎಷ್ಟೆಂದು ಮೊದಲು ತಿಳಿ’ ಎಂದಿತ್ತು. ಊರಿನ ತಕ್ಕಡಿಗಳಿಗೆಲ್ಲ ಯಜಮಾನರಂತಿದ್ದ ಗುಮಾಸ್ತರು, “ಅತ್ತೆ, ಒಂದ್ಸಲ ತೂಕ ನೋಡೋಣವಾ?” ಎಂದು ಕೇಳುವ ಸಾಹಸ ಮಾಡಿದರು. “ನನ್ನ ಹೊತ್ಕೊಂಡು ಹೋಗ್ತೀರೋ, ಮಾರ್ತೀರೋ?” ಅಂದರು ಅತ್ತೆ. ಆ ಪುಟವನ್ನು ಬಿಟ್ಟು ಮುಂದಕ್ಕೆ ಹೋಗಲಾಯಿತು.

ಇಷ್ಟರಲ್ಲಿ, ನೆರೆಯವರ ನೋಟ ತಾಳಲಾರದೆ ಹೆಂಡತಿ ಅತ್ತೆಯನ್ನು ಎತ್ತಿಕೊಂಡು ಹೋಗುವ ಸಂಗತಿಯನ್ನು ಕಾಂಪೌಂಡರಿಗೆ ಹೇಳಿಬಿಟ್ಟಿದ್ದರಿಂದ, ಸುದ್ದಿ ರಸ್ತೆ ದಾಟಿತು. ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಅತ್ತೆಯ ಫೋನು ಬಡಿಯಿತು. ಗುಮಾಸ್ತರು ಒಳಗೆ ಸೂಟ್‌ಕೇಸಿನ ಮುಂದೆ ನಿಂತಿದ್ದರು. ದೊಡ್ಡಮ್ಮನ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು.

“ನಿನ್ನ ಅಳಿಯನ ಸೊಂಟ ಪೂರ್ತಿ ಹೋಗಿದೆಯಂತಲ್ಲೇ! ಅಂಥವನ ಕೈಲಿ ಎತ್ತಿಸ್ಕೊಂಡು ಬರ್ತೀಯಂತೆ. ಕಾಂಪೌಂಡರು ನನ್ನ ಮಗನ ಹತ್ರ ಎಲ್ಲಾ ಹೇಳಿದಾರೆ. ಅವನಿಗೇನಾದ್ರೂ ಆದ್ರೆ ನಿನ್ನ ಮಗಳ ಗತಿ ಏನು? ನೀನು ಬರೋದು ಬೇಡ. ಫೋನಲ್ಲೇ ಸಾಕು. ಬಂದ್ರೆ ನಾನು ಬಾಗಿಲು ತೆಗಿಯಲ್ಲ, ತಿಳ್ಕೋ.”

“ಅವರಿಗೇನೂ ಆಗಿಲ್ಲ ಕಣೇ, ನಾನೇ ದಿನಾ ನೋಡ್ತೀನಲ್ಲ...”

“ಆಸೆಗೆ ಕಣ್ಣು ಕಾಣಲ್ಲ ನಿನಗೆ” ಎಂದು ಅಕ್ಕ ಫೋನು ಇಟ್ಟುಬಿಟ್ಟರು. ಇಷ್ಟು ದಿನದಲ್ಲಿ ಅವರು ಜಗಳವಾಡಿ ಫೋನು ಇಟ್ಟದ್ದು ಅದೇ ಮೊದಲು.

ಅತ್ತೆ ಕುರ್ಚಿಯನ್ನು ಬಾಲ್ಕನಿಯಿಂದ ಒಳಗೆ ಎಳೆಸಿಕೊಂಡು ಗೋಡೆಗೆ ಮುಖಮಾಡಿ ಕೂತರು. ಆ ದಿನ ‘ಬೆನ್ನು’ ಎನ್ನಲಿಲ್ಲ, ‘ಉಸಿರು’ ಎನ್ನಲಿಲ್ಲ. ಗುಮಾಸ್ತರು ಬೇಕೆಂದೇ ಬೆನ್ನು ಬಾಗಿಸಿ ಎತ್ತಿದರು. ಅತ್ತೆ ತಿರುಗಿಯೂ ನೋಡಲಿಲ್ಲ. ಸೂಟ್‌ಕೇಸು ಇಳಿಸಿ, ಅತ್ತೆಯ ಎದುರು ನೆಲದ ಮೇಲೆ ಕೂತರು.

“ಅತ್ತೆ, ಸೂರ್ಯ ಆ ಕಡೆಯಿಂದ ಈ ಕಡೆ ಬಂದ್ರೂ ಭಾನುವಾರ ಅವರು ಹೊರಡೋದ್ರೊಳಗೆ ನಿಮ್ಮನ್ನ ಅಲ್ಲಿ ಕೂರಿಸ್ತೀನಿ. ಬಾಗಿಲು ತೆಗೀದೆ ಇದ್ರೆ, ತೆಗಿಯೋವರೆಗೂ ನಿಮ್ಮನ್ನ ಎತ್ಕೊಂಡು ಹೊರಗೇ ನಿಂತಿರ್ತೀನಿ. ಈಗ ನನ್ನ ಬೆನ್ನು ನೋಡಿ.”

ಅತ್ತೆ ಮೂಗು ಒರೆಸಿಕೊಂಡು ಕನ್ನಡಕ ಏರಿಸಿದರು. “ಬೆನ್ನು ಸರಿಯಿದೆ. ಮಂಡಿ ಒಳಗೆ ಬರ್ತಿದೆ” ಅಂದರು. ಅದನ್ನು ಕೇಳಿದ ಹೆಂಡತಿ ನಗುವುದನ್ನು ನಿಲ್ಲಿಸಿದಳು. ಅಂದು ಮಧ್ಯಾಹ್ನ ಅವಳು ಬೇರೆಯವರ ಬಟ್ಟೆಗಳನ್ನೆಲ್ಲ ಬದಿಗಿಟ್ಟು, ತಾಯಿ ಕೂತರೆ ಜಾರದ ಹಾಗೆ ದಪ್ಪ ಬಟ್ಟೆಯ ಜೋಳಿಗೆಯೊಂದನ್ನು ಗಂಡನ ಹೆಗಲಿನ ಅಳತೆಗೆ ಹೊಲಿದಳು.

ಭಾನುವಾರ ಬಂತು. ಎದುರಿನ ಕಟ್ಟಡದ ಮುಂದೆ ಲಾರಿ ಬಂದು ನಿಂತಿತು. ಗುಮಾಸ್ತರ ಬಾಗಿಲ ಮುಂದೆ ಕಾಂಪೌಂಡರು ಒಂದು ಕುರ್ಚಿ, ಮುಲಾಮಿನ ಡಬ್ಬಿ, ಎಂಟು ಹತ್ತು ಮನೆಯ ಗಂಡಸರು, ಇಷ್ಟನ್ನೂ ಕೂಡಿಸಿಕೊಂಡು ನಿಂತಿದ್ದರು. ಕುರ್ಚಿ ಅತ್ತೆಗಲ್ಲ, ಗುಮಾಸ್ತರಿಗೆ.

“ಕೊನೇ ಸಲ ಹೇಳ್ತಿದೀನಿ. ಸೆಕ್ರೆಟರಿಯಾಗಿ ಹೇಳ್ತಿದೀನಿ. ಈ ಮೆಟ್ಟಿಲ ಮೇಲೆ ಏನಾದ್ರೂ ಆದ್ರೆ ಸಂಘ ಜವಾಬ್ದಾರಿ ಅಲ್ಲ” ಅಂದರು.

ಗುಮಾಸ್ತರಿಗೆ ಅದು ಕೇಳಿಸಲಿಲ್ಲ. ಅವರು ಆಗಲೇ ಒಂದೇ ಕಡೆ ದೃಷ್ಟಿ ನೆಟ್ಟಿದ್ದರು. ಜೋಳಿಗೆ ಹೆಗಲಿಗೇರಿತು. ಅತ್ತೆ ಅದರಲ್ಲಿ ಕೂತು, ಹಿಂದಿನಿಂದ ಅವರ ಕುತ್ತಿಗೆಗೆ ಕೈ ಬಳಸಿದರು. ಕಾಲು ಅಗಲವಾಯಿತು, ಸೊಂಟ ಹಿಂದಕ್ಕೆ ಹೋಯಿತು, ಹೊಟ್ಟೆಯೊಳಗೆ ಉಸಿರು ತುಂಬಿತು. ಅತ್ತೆ ಕಿವಿಯ ಹತ್ತಿರವೇ, “ಈಗ” ಅಂದರು.

ಎದ್ದರು. ಅತ್ತೆಯ ಕಾಲು ನೆಲ ಬಿಟ್ಟಿತು. ಗುಮಾಸ್ತರಿಗೆ ಅತ್ತೆ ತೂಕದವರು ಅನ್ನಿಸಲೇ ಇಲ್ಲ. ಇಷ್ಟು ದಿನ ಎತ್ತಿದ ಸೂಟ್‌ಕೇಸಿಗಿಂತ ಅವರು ಹಗುರವೆನಿಸಿದರು, ಆ ಹಗುರಕ್ಕೇ ಗುಮಾಸ್ತರಿಗೆ ಅಳು ಬಂತು. ಆದರೆ ಎತ್ತುವಾಗ ಅಳುವುದರ ಬಗ್ಗೆ ಪುಸ್ತಕದಲ್ಲಿ ಏನೂ ಹೇಳಿರಲಿಲ್ಲವಾದ್ದರಿಂದ ಅವರು ತಡೆದುಕೊಂಡರು.

ಇಳಿಯುವುದು ಶುರುವಾಯಿತು. ಮುಂದೆ ಹೆಂಡತಿ ಸ್ಟೂಲು ಹಿಡಿದು, ನಡುವೆ ಅತ್ತೆಯನ್ನು ಹೊತ್ತ ಗುಮಾಸ್ತರು, ಹಿಂದೆ ಕೈಚಾಚಿ ನಡೆಯುವ ಹತ್ತು ಗಂಡಸರು. ಹಿಡಿಯಬೇಕೆಂದಿದ್ದದ್ದು ಅತ್ತೆಯನ್ನಲ್ಲ. ಅತ್ತೆಯ ಚಿಂತೆ ಯಾರಿಗೂ ಇರಲಿಲ್ಲ.

“ಉಸಿರು ಬಿಡ್ರೀ! ಮುಖ ನೋಡಿ, ಬದನೇಕಾಯಿ ಬಣ್ಣ ಆಗಿದೆ!” ಎಂದು ಕಾಂಪೌಂಡರು ಕೂಗಿದರು.

“ಬಿಡಬೇಡಿ! ಮೆಟ್ಟಿಲು ಮುಗೀಲಿ!” ಅಂದರು ಅತ್ತೆ ಮೇಲಿನಿಂದ.

“ಬಿಡಿ ಅಂತೀನಿ! ನಾನು ಆಸ್ಪತ್ರೇಲಿ ಕೆಲಸ ಮಾಡಿದೋನು!”

“ನಾನು ಪುಸ್ತಕ ಓದಿದೋಳು!”

ಪ್ರತಿ ತಿರುವಿನಲ್ಲೂ ಹೆಂಡತಿ ಸ್ಟೂಲು ಇಡುವಳು. ಗುಮಾಸ್ತರು ಕ್ರಮ ಪ್ರಕಾರ ಅತ್ತೆಯನ್ನು ಇಳಿಸಿ, ಸುಧಾರಿಸಿಕೊಂಡು, ಕ್ರಮ ಪ್ರಕಾರ ಮತ್ತೆ ಎತ್ತುವರು. ಅವರು ಬಗ್ಗಿದಾಗಲೆಲ್ಲ ಹಿಂದಿನವರು, “ಹೋಯ್ತು, ಹೋಯ್ತು” ಎನ್ನುವರು. ಮೊದಲ ಮಹಡಿಯ ತಿರುವಿನಲ್ಲಿ ಸಾಹೇಬರು ಸಿಕ್ಕಿದರು. ಸೊಂಟ ಬಿದ್ದ ಗುಮಾಸ್ತರನ್ನು ನೋಡಿಬರಲು ಹಣ್ಣಿನ ಚೀಲ ಹಿಡಿದು ಹತ್ತಿ ಬರುತ್ತಿದ್ದರು.

“ಏನ್ರೀ ಇದು! ನಾನು ಆರ್ಡರ್ ಮಾಡಿದೀನಲ್ರೀ, ಏನೂ ಎತ್ತಕೂಡದು ಅಂತ!”

“ಆ ಆರ್ಡರು ಕಚೇರಿಯೊಳಗೆ ಸಾರ್. ಇವರು ನಮ್ಮ ತಾಯಿ” ಅಂದಳು ಹೆಂಡತಿ. ಸಾಹೇಬರಿಗೆ ದಾರಿ ಬಿಡುವುದಲ್ಲದೆ ಬೇರೆ ನಿಯಮ ನೆನಪಾಗಲಿಲ್ಲ. ಅವರೂ ಹಣ್ಣಿನ ಚೀಲದೊಂದಿಗೆ ಮೆರವಣಿಗೆಯ ಹಿಂದೆ ಸೇರಿಕೊಂಡರು.

ರಸ್ತೆಯಲ್ಲಿ ಗಾಡಿಗಳು ನಿಂತವು. ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ, “ಪೇಷಂಟ್ ಯಾರು?” ಎಂದು ಕೇಳಿದ.

“ಎತ್ಕೊಂಡಿರೋರು” ಎಂದರು ಕಾಂಪೌಂಡರು.

ಎದುರಿನ ಕಟ್ಟಡದ ಮೆಟ್ಟಿಲು ಹತ್ತುವಾಗ ಮಾತ್ರ ಗುಮಾಸ್ತರ ಹೆಜ್ಜೆ ನಿಧಾನವಾಯಿತು. ಅತ್ತೆಗೆ ಅದು ತಿಳಿಯಿತು. “ಇಳಿಸ್ತೀರಾ?” ಅಂದರು ಮೆಲ್ಲಗೆ. ಗುಮಾಸ್ತರು ತಲೆಯಾಡಿಸಲಿಲ್ಲ, ಕ್ರಮ ತಪ್ಪುತ್ತದೆಂದು. ಹಲ್ಲು ಕಚ್ಚಿ ಹತ್ತಿದರು. ಮೇಲೆ ಬಾಗಿಲು ಮುಚ್ಚಿರಲಿಲ್ಲ. ದೊಡ್ಡಮ್ಮ ಬಾಲ್ಕನಿಯಿಂದ ಎಲ್ಲವನ್ನೂ ನೋಡಿ, ಯಾವಾಗಲೋ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

ಗುಮಾಸ್ತರು ಅತ್ತೆಯನ್ನು ಕುರ್ಚಿಯಲ್ಲಿ ಇಳಿಸಿದರು. ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂತರು. ಅಕ್ಕ ತಂಗಿಯ ಕೈ ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, “ಎಷ್ಟು ಸಣ್ಣ ಆಗಿದೀಯೇ. ಅಲ್ಲಿಂದ ಕಾಣ್ತಿರಲಿಲ್ಲ” ಅಂದರು. ತಂಗಿ ಅಳತೊಡಗಿದರು. ಹಿಂದೆ ಬಂದಿದ್ದ ಹತ್ತು ಗಂಡಸರು ಗೋಡೆ, ಛಾವಣಿ, ತಮ್ಮ ಚಪ್ಪಲಿ, ಹೀಗೆ ಸಿಕ್ಕಿದ್ದನ್ನೆಲ್ಲ ನೋಡುತ್ತಾ ನಿಂತರು.

ಆಮೇಲೆ ಎಲ್ಲರ ಕಣ್ಣೂ ಗುಮಾಸ್ತರ ಮೇಲೆ ತಿರುಗಿತು. ಗುಮಾಸ್ತರು ನೆಟ್ಟಗೆ ನಿಂತಿದ್ದರು. ಬೆವರು ಬಿಟ್ಟರೆ ಬೇರೇನಿಲ್ಲ. ಕಾಂಪೌಂಡರು ಹತ್ತಿರ ಬಂದು ಬೆನ್ನನ್ನು ಮೇಲಿಂದ ಕೆಳಗೆ ಒತ್ತಿ ನೋಡಿದರು. ಇನ್ನೊಮ್ಮೆ ಒತ್ತಿದರು. ಅವರ ಮುಖ ಬಿಳಿಚಿತು. “ಏನೂ... ಏನೂ ಆದ ಹಾಗೆ ಕಾಣಲ್ಲವಲ್ಲ” ಅಂದರು.

“ಹಂಗಾದ್ರೆ ನಿಮಗೆ ಸೊಂಟ ನೋವು ಇರಲೇ ಇಲ್ವಾ?” ಅಂದರು ಸಾಹೇಬರು. “ಮೂರು ಮಹಡಿ ಹೊತ್ಕೊಂಡು ಇಳಿದ್ರಲ್ರೀ! ಶಾಭಾಷ್!”

ಆಹಾ! ಇದೇ ಮಾತಿಗಾಗಿ ಗುಮಾಸ್ತರು ಎರಡು ತಿಂಗಳು ಹಂಬಲಿಸಿದ್ದರು. ಇನ್ನೊಂದು ಗಳಿಗೆ ಕಳೆದಿದ್ದರೆ ಮೀಸೆ ಗುರುಗಳ ಬಗ್ಗೆ ಒಂದು ಭಾಷಣವೂ ಹೊರಡುತ್ತಿತ್ತು. ಅಷ್ಟರಲ್ಲಿ ದೊಡ್ಡಮ್ಮನ ಮಗ ಗಡಿಯಾರ ನೋಡಿಕೊಳ್ಳುತ್ತಾ ಒಳಗಿಂದ ಬಂದ.

“ಚಿಕ್ಕಮ್ಮ, ನೋಡಿದ್ದಾಯ್ತಲ್ಲ? ಭಾವ, ಬೇಜಾರು ಮಾಡ್ಕೋಬೇಡಿ, ಈಗಲೇ ವಾಪಸ್ ಕರ್ಕೊಂಡು ಹೋಗ್ಬಿಡಿ. ಬೀರು, ಮಂಚ ಇಳಿಸೋಕೆ ಶುರು ಮಾಡಿದ್ರೆ ಮೆಟ್ಟಿಲು ಸಂಜೆವರೆಗೂ ಕಟ್ಟಿಹೋಗುತ್ತೆ. ಆಮೇಲೆ ನಾವು ಹೊರಟೇಬಿಡ್ತೀವಿ. ನೀವಂತೂ ಗಟ್ಟಿಮುಟ್ಟಾಗಿದೀರಿ, ಇನ್ನೊಂದ್ಸಲ ಎತ್ತೋದು ಏನು ಮಹಾ?”

ಗುಮಾಸ್ತರು ಅತ್ತೆಯ ಕಡೆ ನೋಡಿದರು. ಅಳಿಯನನ್ನು ಇನ್ನಷ್ಟು ಬೇಡುವುದು ಅವರಿಗೆ ಆಗದ ಮಾತು. ಆದರೆ ಅಕ್ಕನ ಬೆರಳುಗಳು ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದವು, ಸಂತೆಯಲ್ಲಿ ಮಗುವಿನ ಕೈ ಹಿಡಿದ ಹಾಗೆ. ಅವರು ಪಕ್ಕದಲ್ಲಿ ಕೂತು ಇನ್ನೂ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ.

ಗುಮಾಸ್ತರು ಸಾಹೇಬರ ಮುಖವನ್ನೊಮ್ಮೆ ನೋಡಿದರು. ಆ ಮೆಚ್ಚುಗೆಯನ್ನು ಕಣ್ತುಂಬ ತುಂಬಿಕೊಂಡರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, “ಅಯ್ಯಯ್ಯೋ ಅಮ್ಮಾ!” ಎಂದು ಕಿರುಚಿ, ಇದ್ದ ಕ್ರಮವನ್ನೆಲ್ಲ ಗಾಳಿಗೆ ತೂರಿ, ಮುರಿದ ಕೊಡೆಯಂತೆ ಮಡಚಿಕೊಂಡು ನೆಲಕ್ಕೆ ಬಿದ್ದರು.

“ನಾನು ಹೇಳಲಿಲ್ವಾ!” ಕಾಂಪೌಂಡರ ಮುಖಕ್ಕೆ ರಕ್ತ ಮರಳಿ ಬಂತು. “ಮೊದಲ ದಿನವೇ ಹೇಳಿದ್ದೆ! ಮುಟ್ಟಬೇಡಿ ಯಾರೂ! ಸಂಜೆವರೆಗೂ ಅಲ್ಲಾಡಕೂಡದು, ಎತ್ತೋ ಮಾತು ಹಾಗಿರಲಿ!”

“ನಾಳೆಯಿಂದ ರಜ” ಅಂದರು ಸಾಹೇಬರು ಕಠೋರವಾಗಿ. ಹಣ್ಣಿನ ಚೀಲವನ್ನು ರೋಗಿಯ ತಲೆಯ ಹತ್ತಿರ ಇಟ್ಟರು.

ದೊಡ್ಡಮ್ಮನ ಮಗ ತಲೆ ಕೆರೆದುಕೊಂಡ. “ಚಿಕ್ಕಮ್ಮನ್ನ ಬೀರು ಎತ್ತೋ ಆಳುಗಳ ಕೈಲೇ...” ಎನ್ನಲು ಹೊರಟವನು ಚಿಕ್ಕಮ್ಮನ ಕಣ್ಣು ಕಂಡು ಅರ್ಧಕ್ಕೇ ನುಂಗಿಕೊಂಡ. ಬೇರೆ ದಾರಿಯಿರಲಿಲ್ಲ. ಸಂಜೆ ರೋಗಿ ಸುಧಾರಿಸಿಕೊಂಡ ಮೇಲೆ ನೋಡೋಣ ಎಂದು ಸಾಮಾನು ಇಳಿಸಲು ಹೇಳಿದ.

ಬೀರು ಹೋಯಿತು. ಮಂಚ ಹೋಯಿತು. ಪಾತ್ರೆಯ ಡಬ್ಬಗಳು ಹೋದವು. ಮನೆ ಖಾಲಿಯಾಗುತ್ತಾ ಬಂದು, ನಡುಮನೆಯಲ್ಲಿ ಎರಡು ಕುರ್ಚಿಗಳು ಮಾತ್ರ ಉಳಿದವು. ಅವುಗಳ ಮೇಲೆ ಇಬ್ಬರು ಕೂತು, ವರ್ಷದಿಂದ ಫೋನಿನಲ್ಲಿ ಹೇಳಲಾಗದೆ ಉಳಿದಿದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದರು, ನಡುವೆ ನಗುತ್ತಿದ್ದರು, ಒಮ್ಮೆ ಜಗಳವನ್ನೂ ಆಡಿದರು. ಅವರ ಕಾಲಬಳಿ ಬರಿ ನೆಲದ ಮೇಲೆ ಗುಮಾಸ್ತರು ಮಲಗಿದ್ದರು. ಹೆಂಡತಿ ಪಕ್ಕದಲ್ಲಿ ಕೂತು ಹಣ್ಣು ಸುಲಿದು ಅವರ ಬಾಯಿಗೆ ಹಾಕುತ್ತಿದ್ದಳು. ಯಾರಾದರೂ ಬಾಗಿಲಲ್ಲಿ ಕಂಡರೆ ಗುಮಾಸ್ತರು ನರಳುತ್ತಿದ್ದರು, ಅವರು ಹೋದರೆ ಜಗಿಯುತ್ತಿದ್ದರು.

ಮಧ್ಯಾಹ್ನ ಕಳೆದ ಮೇಲೆ ದೊಡ್ಡಮ್ಮನ ಮಗ, “ಈಗ ಹೇಗಿದೆ ಭಾವ?” ಎಂದು ಮತ್ತೆ ಒಳಗೆ ಇಣುಕಿದ. ಗುಮಾಸ್ತರು ಗಡಿಬಿಡಿಯಲ್ಲಿ ಹೆಗಲು ಹಿಡಿದುಕೊಂಡು, “ಅಮ್ಮಾ” ಅಂದರು. ಅತ್ತೆ ಅಕ್ಕನ ಜೊತೆಗಿನ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ಕುರ್ಚಿಯಿಂದ ಸ್ವಲ್ಪ ಬಗ್ಗಿದರು.

“ಅಳಿಯಂದಿರೇ, ಕೈ ಇನ್ನೂ ಕೆಳಗೆ” ಎಂದು ಪಿಸುಗುಟ್ಟಿದರು. ಗುಮಾಸ್ತರು ಕೈಯನ್ನು ಸೊಂಟಕ್ಕೆ ಇಳಿಸಿದರು. “ಹಾಂ, ಅಲ್ಲೇ. ಈಗ ನರಳಿ” ಎಂದು ಹೇಳಿ, ಅತ್ತೆ ಅಕ್ಕನ ಕಡೆಗೆ ತಿರುಗಿಕೊಂಡರು.